ಕೋವಿ ಲೈಸೆನ್ಸ್ ಇದ್ದರೆ ಕೆಲಸದ ಜಾಗಕ್ಕೂ ಒಯ್ಯಬಹುದೇ? ಯಾರ ಮನೆಯಲ್ಲಿ ಕೋವಿ ಇದೆ ಎಂಬ ಪಟ್ಟಿ ಕೇಳಿದರೆ ಸಿಗುತ್ತದೆಯೇ?

ಚುನಾವಣೆ ಹತ್ತಿರ ಬಂದಾಗ ಅಥವಾ ಎಲ್ಲೋ ಒಂದು ಬ್ಯಾಂಕ್ ದರೋಡೆ ಸುದ್ದಿಯಾದಾಗ ಬಂದೂಕಿನ ಬಗ್ಗೆ ನಾಲ್ಕಾರು ಸಂದೇಶಗಳು ಫೋನಿಗೆ ಬಂದು ಬೀಳುತ್ತವೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಇವು ಬರೀ ಕುತೂಹಲದ ವಿಷಯವಲ್ಲ. ಘಟ್ಟದ ಬುಡದ ಹಳ್ಳಿಗಳಲ್ಲಿ ಅಡಿಕೆ, ಬಾಳೆ, ಗದ್ದೆ ಕಾಯಲು ಅಜ್ಜನ ಕಾಲದಿಂದ ಕೋವಿ ಇಟ್ಟುಕೊಂಡ ಮನೆಗಳಿವೆ. ಹಾಗಾಗಿ ಅಂಥ ಮನೆಯವರು ಸಂದೇಶ ಓದಿ, ನಿಜವೇ ಇರಬೇಕೆಂದು ನಂಬಿ, ಅದರಂತೆ ನಡೆದರೆ ಸಿಕ್ಕಿಬೀಳುವುದು ಸಂದೇಶ ಬರೆದವನಲ್ಲ, ಕೋವಿ ಹಿಡಿದವನು.

ಇಂಥ ಸಂದೇಶಗಳಲ್ಲಿ ಸಾಮಾನ್ಯವಾಗಿ ಇರುವ ಮಾತುಗಳು ಮೂರು. ಒಂದು, ಲೈಸೆನ್ಸ್ ಇದ್ದವರು ಕೆಲಸದ ಜಾಗಕ್ಕೆ ಕೋವಿ ಒಯ್ಯಬಹುದು, ಮಾಲೀಕ ತಡೆಯುವಂತಿಲ್ಲ ಎಂದು ರಾಜ್ಯ ಸರ್ಕಾರ ಕಾನೂನು ಮಾಡಿದೆ. ಎರಡು, ನಿಮ್ಮ ಹತ್ತಿರ ಕೋವಿ ಇದೆಯೇ ಎಂದು ಯಾರೂ ಕೇಳುವಂತಿಲ್ಲ; ಇದಕ್ಕೆ ತದ್ವಿರುದ್ಧವಾಗಿ, ಆರ್‌ಟಿಐ ಅರ್ಜಿ ಹಾಕಿದರೆ ಊರಿನ ಕೋವಿದಾರರ ಪೂರ್ತಿ ಪಟ್ಟಿ ಸಿಗುತ್ತದೆ. ಮೂರು, ಚುನಾವಣೆ ಘೋಷಣೆಯಾದ ಕೂಡಲೇ ಎಲ್ಲರೂ ಠಾಣೆಯಲ್ಲಿ ಕೋವಿ ಇಡಲೇಬೇಕು. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದರ ಎರಡೂ ರೂಪ ತಪ್ಪು. ಮೂರನೆಯದು ಅರ್ಧ ಸತ್ಯ, ಮತ್ತು ರೈತರಿಗೆ ಹೆಚ್ಚು ತೊಂದರೆ ಕೊಡುವುದು ಈ ಅರ್ಧ ಸತ್ಯವೇ.

ರಾಜ್ಯ ಸರ್ಕಾರ ಇಂಥ ಕಾನೂನು ಮಾಡಲು ಸಾಧ್ಯವೇ ಇಲ್ಲ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂಬ ಹಂಚಿಕೆ ಇದೆ. ಕೇಂದ್ರ ಪಟ್ಟಿಯ 5ನೇ ವಿಷಯವೇ ಶಸ್ತ್ರಾಸ್ತ್ರ, ಬಂದೂಕು, ಮದ್ದುಗುಂಡು, ಸ್ಫೋಟಕ. ಅಂದರೆ ಬಂದೂಕು ಯಾರು ಇಟ್ಟುಕೊಳ್ಳಬಹುದು, ಎಲ್ಲಿಗೆ ಒಯ್ಯಬಹುದು ಎಂಬ ಕಾನೂನು ಮಾಡುವುದು ಸಂಸತ್ತು, ವಿಧಾನಸಭೆಯಲ್ಲ. ಈಗ ನಡೆಯುತ್ತಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಕಾಯ್ದೆಗೆ 2019ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಮೊದಲು ಒಬ್ಬರಿಗೆ ಮೂರು ಬಂದೂಕಿನ ತನಕ ಅವಕಾಶವಿತ್ತು, ಅದು ಎರಡಕ್ಕೆ ಇಳಿಯಿತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಲೈಸೆನ್ಸ್ ಇಲ್ಲದ ಬಂದೂಕಿಗೆ ಶಿಕ್ಷೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಆಯಿತು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ.

ರಾಜ್ಯಕ್ಕೆ ಇರುವುದು ಜಾರಿಯ ಕೆಲಸ. ನಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಕಾರವಾರದಲ್ಲಿ ಕೂರುವ ಜಿಲ್ಲಾಧಿಕಾರಿ, ಅಂದರೆ ಜಿಲ್ಲಾ ದಂಡಾಧಿಕಾರಿ. ವರದಿ ಕೊಡುವುದು ನಿಮ್ಮ ಠಾಣೆಯ ಪೊಲೀಸರು.

ಹಾಗಾದರೆ ಈ ಸಂದೇಶ ಹುಟ್ಟಿದ್ದೆಲ್ಲಿ? ಅಮೆರಿಕದಲ್ಲಿ. ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು, ಮತ್ತು ಪ್ರತಿ ರಾಜ್ಯವೂ ತನ್ನದೇ ಬಂದೂಕು ಕಾನೂನು ಮಾಡುತ್ತದೆ. ನೌಕರರು ಕಂಪನಿಯ ಪಾರ್ಕಿಂಗ್ ಜಾಗದಲ್ಲಿ ತಮ್ಮ ಕಾರಿನೊಳಗೆ ಬೀಗ ಹಾಕಿ ಬಂದೂಕು ಇಟ್ಟರೆ ಮಾಲೀಕ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಕಾನೂನನ್ನು ಒಕ್ಲಹೋಮಾ 2004ರಲ್ಲಿ, ಫ್ಲಾರಿಡಾ 2008ರಲ್ಲಿ ತಂದವು. ಇಂದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಆ ಬಗೆಯ ಕಾನೂನಿದೆ. ಅಲ್ಲಿಯೂ ಅದು ಬಹುತೇಕ ಕಾರಿನ ಮಾತು, ಆಫೀಸಿನ ಮೇಜಿನ ಮಾತಲ್ಲ.

‘ಕೋವಿದಾರರ ಗೋಪ್ಯತೆ’ ಎಂಬ ಮಾತಿನ ಮೂಲವೂ ಅಲ್ಲೇ. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ‘ದಿ ಜರ್ನಲ್ ನ್ಯೂಸ್’ ಪತ್ರಿಕೆ ಎರಡು ಜಿಲ್ಲೆಗಳ ಬಂದೂಕು ಪರವಾನಗಿದಾರರ ಹೆಸರು, ವಿಳಾಸಗಳನ್ನು ನಕ್ಷೆಯ ಮೇಲೆ ಹಾಕಿ ಪ್ರಕಟಿಸಿತು. ದೊಡ್ಡ ಗದ್ದಲವಾಯಿತು. ಮರು ತಿಂಗಳೇ ರಾಜ್ಯ ಕಾನೂನು ಬದಲಿಸಿ, ಪರವಾನಗಿದಾರರು ಬೇಕಿದ್ದರೆ ತಮ್ಮ ವಿವರ ಹೊರಗೆ ಹೋಗದಂತೆ ಕೋರಿಕೊಳ್ಳಲು ಅವಕಾಶ ಕೊಟ್ಟಿತು. ಫ್ಲಾರಿಡಾದಲ್ಲಿ 2011ರಲ್ಲಿ ಇನ್ನೂ ಮುಂದೆ ಹೋಗಿ, ರೋಗಿಯ ಮನೆಯಲ್ಲಿ ಬಂದೂಕು ಇದೆಯೇ ಎಂದು ವೈದ್ಯರು ಅನಗತ್ಯವಾಗಿ ಕೇಳಬಾರದು ಎಂದೇ ಕಾನೂನು ಮಾಡಿದರು. ಅದರ ಮುಖ್ಯ ಭಾಗಗಳನ್ನು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು.

ನಮ್ಮಲ್ಲಿ ತಮಾಷೆ ನೋಡಿ, ಲೈಸೆನ್ಸ್ ಅರ್ಜಿಯ ಜೊತೆಗೇ ವೈದ್ಯರ ಪ್ರಮಾಣಪತ್ರ ಇಡಬೇಕು. ಅಲ್ಲಿ ವೈದ್ಯರು ಬಾಯಿ ಬಿಡಬಾರದೆಂದು ಕಾನೂನು ತಂದರೆ, ಇಲ್ಲಿ ವೈದ್ಯರು ಬರೆದುಕೊಡದಿದ್ದರೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಮಗನೋ ಭಾವನೋ ಅಮೆರಿಕದಲ್ಲಿದ್ದು ಅಲ್ಲಿನ ಸುದ್ದಿಯನ್ನು ಮನೆಯವರ ಗುಂಪಿಗೆ ಹಾಕುತ್ತಾರೆ. ನಾಲ್ಕು ಕೈ ದಾಟುವಷ್ಟರಲ್ಲಿ ‘ಅಲ್ಲಿನ ರಾಜ್ಯ’ ಹೋಗಿ ‘ರಾಜ್ಯ ಸರ್ಕಾರ’ ಆಗಿಬಿಡುತ್ತದೆ.

ಲೈಸೆನ್ಸ್ ಕೊಡುವುದು ಕೋವಿಗಲ್ಲ

ನಮ್ಮ ಕಾನೂನಿನ ಲೆಕ್ಕವೇ ಬೇರೆ. ಇಲ್ಲಿ ಕೋವಿ ಹಕ್ಕಲ್ಲ, ಅನುಮತಿ. ಆ ಅನುಮತಿಯೂ ಇಂಥ ವ್ಯಕ್ತಿಗೆ, ಇಂಥ ಕಾರಣಕ್ಕೆ, ಇಂಥ ಪ್ರದೇಶದಲ್ಲಿ, ಇಂಥ ನಂಬರಿನ ಕೋವಿ ಎಂದು ಬರೆದು ಕೊಟ್ಟದ್ದು. ಮೂರೂ ಸಂದೇಶಗಳನ್ನು ಈ ಒಂದು ಮಾತಿನ ಮೇಲೆ ಇಟ್ಟು ನೋಡಿದರೆ ಸಾಕು.

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರುವುದು ಬೆಳೆ ರಕ್ಷಣೆಯ ಲೈಸೆನ್ಸ್. ಕಾಯ್ದೆಯ 13ನೇ ಸೆಕ್ಷನ್ ಇದಕ್ಕೆ ಪ್ರತ್ಯೇಕ ದಾರಿ ಮಾಡಿಕೊಟ್ಟಿದೆ: ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ತೋಟೆ ಕೋವಿಗೂ ಲೈಸೆನ್ಸ್ ಕೊಡಬಹುದು. ಆತ್ಮರಕ್ಷಣೆಗೆಂದು ಪಿಸ್ತೂಲು, ರಿವಾಲ್ವರ್ ಕೇಳುವ ದಾರಿ ಬೇರೆ. ಅಲ್ಲಿ ಜೀವಕ್ಕೆ ಏನು ಅಪಾಯ ಎಂದು ತೋರಿಸಬೇಕು, ಮತ್ತು ಸಾರ್ವಜನಿಕ ಶಾಂತಿ ಅಥವಾ ಸುರಕ್ಷತೆಗೆ ಧಕ್ಕೆ ಎನಿಸಿದರೆ 14ನೇ ಸೆಕ್ಷನ್ ಪ್ರಕಾರ ಅರ್ಜಿ ತಿರಸ್ಕರಿಸಬಹುದು. ತಿರಸ್ಕರಿಸಿದರೆ ಕಾರಣ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ, 18ನೇ ಸೆಕ್ಷನ್ ಅಡಿ ಮೇಲ್ಮನವಿಯ ಹಕ್ಕೂ ಇದೆ.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಹಂದಿ ಹೊಡೆಯುವ ಲೈಸೆನ್ಸ್ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಶಸ್ತ್ರಾಸ್ತ್ರ ಕಾಯ್ದೆ ಕೋವಿ ಇಟ್ಟುಕೊಳ್ಳಲು ಬಿಡುತ್ತದೆ. ಪ್ರಾಣಿಯನ್ನು ಕೊಲ್ಲಬಹುದೇ ಎಂಬುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಡುಹಂದಿ ಈಗ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡುವ ಅಂಥ ಪ್ರಾಣಿಯನ್ನು ಕೊಲ್ಲಲು 11ನೇ ಸೆಕ್ಷನ್ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಅನುಮತಿ ಬೇಕು. ಪ್ರಾಣಿ ಮೈಮೇಲೆ ಬಂದು ಜೀವ ಉಳಿಸಿಕೊಳ್ಳಲು ಹೊಡೆದದ್ದಾದರೆ ಅದು ಅಪರಾಧವಲ್ಲ. ಆದರೆ ಮಾಳದಲ್ಲಿ ಕೂತು ಕಾದು ಹೊಡೆದದ್ದನ್ನು ಹಾಗೆ ಹೇಳಲಾಗದು. ಹೆದರಿಸಲು ಗಾಳಿಯಲ್ಲಿ ಒಂದು ಈಡು ಹೊಡೆಯುವುದು ಬೇರೆ, ಗುರಿಯಿಡುವುದು ಬೇರೆ.

ಗೇರುಸೊಪ್ಪೆ ಕಡೆಯ ಕಾಡಂಚಿನ ಹಳ್ಳಿಗಳಿಗೆ ಇನ್ನೊಂದು ನಿಯಮವೂ ತಾಗುತ್ತದೆ. ಅಭಯಾರಣ್ಯದ ಒಳಗೆ ಅಥವಾ ಅದರ ಸುತ್ತ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಆ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಆ ಭಾಗಕ್ಕೆ ಹತ್ತಿರವೇ ಇದೆ. ಅರ್ಜಿ ಹಾಕಿ ‘ಡಿಸಿ ಆಫೀಸಿನಲ್ಲಿ ಕೂತಿದೆ’ ಎಂದುಕೊಂಡವರ ಫೈಲು ಕೆಲವೊಮ್ಮೆ ಕೂತಿರುವುದು ಅರಣ್ಯ ಇಲಾಖೆಯಲ್ಲಿರಬಹುದು. ವಿಚಾರಿಸುವಾಗ ಎರಡೂ ಕಡೆ ವಿಚಾರಿಸಿ.

‘ಕರ್ನಾಟಕದಲ್ಲಿ ಲೈಸೆನ್ಸೇ ಬೇಡ’ ಎಂಬ ಮಾತು ಬಂದದ್ದು ಕೊಡಗಿನಿಂದ. ಬ್ರಿಟಿಷರ ಕಾಲದಿಂದ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೊಡಗಿಗೆ ಮಾತ್ರ. ಉತ್ತರ ಕನ್ನಡದ ಯಾವ ಸಮುದಾಯಕ್ಕೂ ಆ ವಿನಾಯಿತಿ ಇಲ್ಲ.

ಕೆಲಸದ ಜಾಗಕ್ಕೆ ಒಯ್ಯಬಹುದೇ?

ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರಿಗೆ ಉತ್ತರ ಸುಲಭ. ತೋಟ, ಗದ್ದೆಯೇ ನಿಮ್ಮ ಕೆಲಸದ ಜಾಗ. ಲೈಸೆನ್ಸ್‌ನಲ್ಲಿ ಬರೆದ ಪ್ರದೇಶದ ಹೊರಗೆ, ಉದಾಹರಣೆಗೆ ಕುಮಟಾ ಪೇಟೆಯ ನಿಮ್ಮ ಅಂಗಡಿಗೆ, ಆ ಕೋವಿ ಒಯ್ಯುವಂತಿಲ್ಲ. ಲೈಸೆನ್ಸ್ ಷರತ್ತು ಮುರಿದರೆ 30ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡ ಸಣ್ಣದೆಂದು ಕಾಣಬಹುದು, ಆದರೆ ಅದರ ಜೊತೆಗೆ 17ನೇ ಸೆಕ್ಷನ್ ಅಡಿ ಲೈಸೆನ್ಸೇ ರದ್ದಾಗಬಹುದು. ಹೆಚ್ಚಿನವರಿಗೆ ನಷ್ಟ ಅದೇ.

ಆತ್ಮರಕ್ಷಣೆಯ ಲೈಸೆನ್ಸ್ ಇರುವ ವ್ಯಾಪಾರಿ ಪಿಸ್ತೂಲು ಇಟ್ಟುಕೊಂಡು ತಿರುಗಬಹುದು, ಆದರೆ ಹೇಗೆಂದರೆ ಹಾಗಲ್ಲ. 2016ರ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಒರೆಯಲ್ಲಿ ಅಥವಾ ಚೀಲದಲ್ಲಿರಬೇಕು, ಉದ್ದ ಕೋವಿ ಅದಕ್ಕೆಂದೇ ಮಾಡಿದ ಕವಚದಲ್ಲಿರಬೇಕು. ಹೊರಗೆ ಕಾಣದಂತೆ ಪೂರ್ತಿ ಮುಚ್ಚಿರಬೇಕು. ಝಳಪಿಸುವುದು ಅಪರಾಧ. ಸೊಂಟದಲ್ಲಿ ಪಿಸ್ತೂಲು ಕಾಣುವಂತೆ ನಿಂತು ಫೋಟೋ ತೆಗೆಸಿ ಸ್ಟೇಟಸ್ ಹಾಕುವವರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಹಂಚುತ್ತಿರುತ್ತಾರೆ.

ಲೈಸೆನ್ಸ್ ಪುಸ್ತಕದ ಷರತ್ತುಗಳಲ್ಲೇ ಇನ್ನೊಂದು ಸಾಲಿದೆ, ಬಹಳ ಜನ ಓದಿರುವುದಿಲ್ಲ. ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ಶಾಲೆ-ಕಾಲೇಜಿನ ಆವರಣಕ್ಕೆ ಕೋವಿ ಒಯ್ಯುವಂತಿಲ್ಲ. ಬಂಡಿಹಬ್ಬ, ತೇರು, ಉರೂಸು ಎಲ್ಲವೂ ಇದರಲ್ಲಿ ಬಂತು. ಶಾಲೆಯ ಆವರಣದ ಮಾತು ಬಂದಾಗ, ಅಲ್ಲಿ ಕೆಲಸ ಮಾಡುವ ಶಿಕ್ಷಕರಿಗೂ ಇದು ಅನ್ವಯ.

ಇನ್ನು ಮಾಲೀಕನ ಮಾತು. ತನ್ನ ಅಂಗಡಿ, ಕಾರ್ಖಾನೆ, ಆಸ್ಪತ್ರೆಯೊಳಗೆ ಬಂದೂಕು ತರಬೇಡಿ ಎಂದು ಹೇಳದಂತೆ ಮಾಲೀಕನನ್ನು ತಡೆಯುವ ಯಾವ ಕಾನೂನೂ ನಮ್ಮ ದೇಶದಲ್ಲಿಲ್ಲ. ನಿಮ್ಮ ಲೈಸೆನ್ಸ್ ಪೊಲೀಸರಿಗೆ ತೋರಿಸಲು ಉತ್ತರವಾಗುತ್ತದೆ, ಮಾಲೀಕನ ಮನೆಬಾಗಿಲು ತೆರೆಯುವ ಕೀಲಿಯಲ್ಲ. ಕತ್ತಿ, ಕೊಡಲಿ ಹಿಡಿದು ತೋಟಕ್ಕೆ ಹೋಗುವವರು ಗಾಬರಿಯಾಗುವುದು ಬೇಡ: ಬರೀ ಮನೆಗೆಲಸಕ್ಕೆ, ಕೃಷಿಗೆ ಎಂದು ಮಾಡಿದ ಹತ್ಯಾರುಗಳನ್ನು ಕಾಯ್ದೆಯೇ ‘ಶಸ್ತ್ರ’ದ ಲೆಕ್ಕದಿಂದ ಹೊರಗಿಟ್ಟಿದೆ.

ಕೆಲಸಕ್ಕೆಂದೇ ಬಂದೂಕು ಹಿಡಿಯುವವರು ಬ್ಯಾಂಕಿನ ಕಾವಲುಗಾರರು, ಎಟಿಎಂಗೆ ಹಣ ಒಯ್ಯುವ ವಾಹನದ ಗನ್‌ಮ್ಯಾನ್‌ಗಳು. ಇಲ್ಲಿ ಕೋವಿ ಮತ್ತು ಹೆಸರು ಹೊಂದಿಕೆಯಾಗಬೇಕು. ಲೈಸೆನ್ಸ್ ಬ್ಯಾಂಕಿನ ಹೆಸರಿನಲ್ಲಿದ್ದರೆ, ಕೋವಿ ಹಿಡಿಯುವ ನೌಕರನ ಹೆಸರು ‘ರಿಟೇನರ್’ ಎಂದು ಅದರಲ್ಲಿ ಬರೆದಿರಬೇಕು. ಇವತ್ತು ಆ ನೌಕರ ರಜೆ, ಅವನ ಬದಲಿಗೆ ಬಂದವನು ಅದೇ ಕೋವಿ ಹಿಡಿದು ನಿಲ್ಲಲಿ ಎಂದರೆ ನಡೆಯದು. ಊರಿಂದ ಬಂದ ಹುಡುಗನಿಗೆ ಕಾವಲು ಕೆಲಸ ಸಿಕ್ಕಿದ ಕೂಡಲೇ ಮೇಲ್ವಿಚಾರಕರು ಕೈಗೆ ಕೋವಿ ಕೊಟ್ಟರೆ, ಮೊದಲು ‘ಲೈಸೆನ್ಸ್‌ನಲ್ಲಿ ನನ್ನ ಹೆಸರಿದೆಯೇ?’ ಎಂದು ಕೇಳಬೇಕು. ಇಲ್ಲವಾದರೆ ಲೈಸೆನ್ಸ್ ಇಲ್ಲದ ಬಂದೂಕು ಹಿಡಿದ ಕೇಸು ಬೀಳುವುದು ಆ ಹುಡುಗನ ಮೇಲೆ, ಮತ್ತು ಅದಕ್ಕೆ ಕನಿಷ್ಠ ಶಿಕ್ಷೆ ಎರಡು ವರ್ಷ ಎಂಬುದು ಮೇಲೆ ಹೇಳಿದ್ದೇ.

ಹಣದ ವಾಹನಗಳಿಗೆ 2018ರಲ್ಲಿ ಕೇಂದ್ರ ಗೃಹ ಸಚಿವಾಲಯ ಪ್ರತ್ಯೇಕ ನಿಯಮ ತಂದಿದೆ. ಖಾಸಗಿ ಭದ್ರತಾ ಏಜೆನ್ಸಿಯ ವಾಹನದಲ್ಲಿ ಇಬ್ಬರು ಶಸ್ತ್ರಧಾರಿ ಕಾವಲುಗಾರರಿರಬೇಕು, ಒಂದು ಸಲಕ್ಕೆ 5 ಕೋಟಿಗಿಂತ ಹೆಚ್ಚು ಒಯ್ಯಬಾರದು, ನಗರದಲ್ಲಿ ರಾತ್ರಿ 9ರ ನಂತರ, ಹಳ್ಳಿ ಕಡೆ ಸಂಜೆ 6ರ ನಂತರ ಎಟಿಎಂಗೆ ಹಣ ತುಂಬಬಾರದು. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂ ಹಣದ ಮೇಲೆ ಹಾಡಹಗಲೇ ದಾಳಿಯಾಗಿ, ಹಣ ಒಯ್ಯುತ್ತಿದ್ದ ನೌಕರರೊಬ್ಬರು ಗುಂಡೇಟಿಗೆ ಸತ್ತರು. ಮರುದಿನವೇ ಮಂಗಳೂರಿನ ಪಕ್ಕದ ಕೋಟೆಕಾರಿನಲ್ಲಿ ಸಹಕಾರಿ ಬ್ಯಾಂಕಿನ ದರೋಡೆ ನಡೆಯಿತು. ಇಂಥ ಸುದ್ದಿ ಬಂದಾಗ ‘ಪ್ರತಿಯೊಬ್ಬ ನೌಕರನೂ ಬಂದೂಕು ಇಟ್ಟುಕೊಳ್ಳಲಿ’ ಎಂಬ ಸಂದೇಶ ಹಬ್ಬುತ್ತದೆ. ಇರುವ ನಿಯಮದಂತೆ ಇಬ್ಬರು ತರಬೇತಾದ ಕಾವಲುಗಾರರನ್ನು ಇಡಿ ಎಂದು ಏಜೆನ್ಸಿಯನ್ನು ಕೇಳುವ ಸಂದೇಶ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಪಟ್ಟಿ ಯಾರಿಗೆ ಸಿಗುತ್ತದೆ?

ನಿಜ ಹೇಳಬೇಕೆಂದರೆ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಕೋವಿ ಇದೆ ಎಂಬುದು ಗುಟ್ಟಲ್ಲ. ರಾತ್ರಿ ಈಡು ಕೇಳಿದರೆ ಯಾರ ತೋಟದ್ದು ಎಂದು ಮಲಗಿದಲ್ಲೇ ಹೇಳುವವರಿದ್ದಾರೆ. ಆದರೆ ನೆರೆಮನೆಯವರಿಗೆ ಗೊತ್ತಿರುವುದು ಬೇರೆ, ಹೆಸರು, ವಿಳಾಸ, ಕೋವಿ ನಂಬರು ಸಮೇತ ಪಟ್ಟಿಯೊಂದು ಫೋನಿನಿಂದ ಫೋನಿಗೆ ಓಡುವುದು ಬೇರೆ. ಅಂಥ ಪಟ್ಟಿ ಕಳ್ಳನ ಕೈಗೆ ಸಿಕ್ಕರೆ ಮನೆಯವರು ಇಲ್ಲದ ಹೊತ್ತು ನೋಡಿ ಕೋವಿಯೇ ಕಳುವಾಗುತ್ತದೆ.

ಎಲ್ಲಾ ಲೈಸೆನ್ಸ್‌ಗಳ ವಿವರ ಈಗ ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ದತ್ತಾಂಶದಲ್ಲಿದೆ. ಪ್ರತಿ ಲೈಸೆನ್ಸ್‌ದಾರರಿಗೂ ಒಂದು ವಿಶಿಷ್ಟ ಸಂಖ್ಯೆ, ಅಂದರೆ ಯುಐಎನ್ ಇರುತ್ತದೆ. ಅದಿಲ್ಲದ ಲೈಸೆನ್ಸ್ ಊರ್ಜಿತವಲ್ಲ. ಅಜ್ಜನ ಕಾಲದ ಕೆಂಪು ಪುಸ್ತಕ ಇಟ್ಟುಕೊಂಡು ಸುಮ್ಮನಿರುವವರು ಅದರಲ್ಲಿ ಈ ಸಂಖ್ಯೆ ಇದೆಯೇ ಎಂದು ಇವತ್ತೇ ನೋಡಿ. ಈ ದತ್ತಾಂಶ ಅಧಿಕಾರಿಗಳ ಬಳಕೆಗೆ ಇರುವುದು, ಊರವರು ತೆರೆದು ಓದುವ ಪುಸ್ತಕವಲ್ಲ.

ಆರ್‌ಟಿಐ ಹಾಕಿದರೆ? 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವೈಯಕ್ತಿಕ ಮಾಹಿತಿಗೆ, 8(1)(ಜಿ) ಯಾರದಾದರೂ ಜೀವಕ್ಕೆ ಅಪಾಯ ತರುವ ಮಾಹಿತಿಗೆ ವಿನಾಯಿತಿ ಕೊಡುತ್ತವೆ. ಮೂರನೇ ವ್ಯಕ್ತಿ ಗೋಪ್ಯವಾಗಿಡಲೆಂದು ಕೊಟ್ಟ ಮಾಹಿತಿಯಾದರೆ, 11ನೇ ಸೆಕ್ಷನ್ ಪ್ರಕಾರ ಕೊಡುವ ಮೊದಲು ಆ ವ್ಯಕ್ತಿಗೆ ನೋಟಿಸು ಕೊಟ್ಟು ಆಕ್ಷೇಪಣೆ ಕೇಳಬೇಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಪ್ರಕರಣ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬಳಿಕ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 8(1)(ಜೆ)ಯನ್ನು ಇನ್ನೂ ಬಿಗಿ ಮಾಡಿತು, ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ದೊಡ್ಡ ಸಾರ್ವಜನಿಕ ಹಿತವಿದ್ದರೆ ಮಾಹಿತಿ ಕೊಡಬಹುದು ಎಂಬ 8(2) ಮಾತ್ರ ಹಾಗೇ ಇದೆ. ಈ ಬಿಗಿತದಿಂದ ಪತ್ರಕರ್ತರಿಗೆ, ಭ್ರಷ್ಟಾಚಾರ ಹುಡುಕುವವರಿಗೆ ಕಷ್ಟವಾಗಿದೆ ಎಂಬ ದೂರು ನ್ಯಾಯವಾದದ್ದೇ. ಆದರೆ ಕೋವಿದಾರರ ಮನೆ ವಿಳಾಸದ ಮಟ್ಟಿಗೆ ಗೋಪ್ಯತೆಯೇ ಸರಿ ಎಂದು ನಮಗೆ ಅನಿಸುತ್ತದೆ.

ತಾಲ್ಲೂಕಿನಲ್ಲಿ ಎಷ್ಟು ಲೈಸೆನ್ಸ್ ಇವೆ, ಬೆಳೆ ರಕ್ಷಣೆಗೆ ಎಷ್ಟು, ವರ್ಷದಲ್ಲಿ ಎಷ್ಟು ಅರ್ಜಿ ತಿರಸ್ಕರಿಸಿದರು ಎಂಬ ಲೆಕ್ಕವನ್ನು ಯಾರೂ ಕೇಳಬಹುದು. ಅದರಲ್ಲಿ ಯಾರ ಹೆಸರೂ ಇಲ್ಲ.

ಇನ್ನು ‘ಯಾರೂ ಕೇಳುವಂತಿಲ್ಲ’ ಎಂಬ ಮಾತು. ಕೋವಿ ಹಿಡಿದು ಹೋಗುವವರನ್ನು ನಿಲ್ಲಿಸಿ ಲೈಸೆನ್ಸ್ ತೋರಿಸಿ ಎಂದು ಕೇಳುವ ಅಧಿಕಾರ 19ನೇ ಸೆಕ್ಷನ್ ಪ್ರಕಾರ ಯಾವ ಪೊಲೀಸ್ ಅಧಿಕಾರಿಗೂ ಇದೆ. ತೋರಿಸದಿದ್ದರೆ ಕೋವಿ ವಶಪಡಿಸಿಕೊಳ್ಳಬಹುದು. ಸರ್ಕಾರದ ಮುಂದೆ ಕೋವಿದಾರನಿಗೆ ಗೋಪ್ಯತೆ ಇಲ್ಲ, ಇರುವುದು ನೆರೆಹೊರೆಯ ಮುಂದೆ.

ನಮ್ಮ ಕರಾವಳಿಯಲ್ಲಿ ಇದು ಯಾಕೆ ಮುಖ್ಯವೆಂದು ಹೆಚ್ಚು ಹೇಳಬೇಕಿಲ್ಲ. ಭಟ್ಕಳ 1993ರಲ್ಲಿ ತಿಂಗಳುಗಟ್ಟಲೆ ಗಲಭೆ ಕಂಡ ಊರು. 1996ರ ಏಪ್ರಿಲ್ 10ರಂದು ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಗುಂಡಿಟ್ಟು ಕೊಂದದ್ದೂ ಇಲ್ಲೇ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರ, ಕುಮಟಾ ಕಡೆ ಗಲಭೆಯಾದಾಗ ಫೋನಿನಲ್ಲಿ ಹರಿದ ಸುದ್ದಿ ಊರನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಕಣ್ಣಾರೆ ನೋಡಿದವರು ನಾವು. ‘ಇಂಥ ಕೇರಿಯಲ್ಲಿ ಇಷ್ಟು ಕೋವಿ’ ಎಂಬ ಪಟ್ಟಿ ನಿಜವಿದ್ದರೂ ಸುಳ್ಳಿದ್ದರೂ ಮಾಡುವ ಕೆಲಸ ಒಂದೇ. ಸಮುದಾಯಗಳ ನಡುವೆ ದ್ವೇಷ, ಭೀತಿ ಹುಟ್ಟಿಸುವ ಸುಳ್ಳು ಮಾಹಿತಿ ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಅಡಿ ಅಪರಾಧ. ಅಂಥ ಪಟ್ಟಿ ಬಂದರೆ ಮುಂದೆ ಕಳಿಸಬೇಡಿ, ‘ಇದು ನಿಜವೇ?’ ಎಂದು ಕೇಳಲು ಇನ್ನೊಂದು ಗುಂಪಿಗೂ ಹಾಕಬೇಡಿ, ಠಾಣೆಗೆ ತೋರಿಸಿ.

ಚುನಾವಣೆ ಬಂದರೆ ಎಲ್ಲರೂ ಇಡಲೇಬೇಕೇ?

ತೋಟದವರ ನಿಜವಾದ ಸಂಕಟ ಇದು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು, ಉತ್ತರ ಕನ್ನಡದಲ್ಲಿ ಮತದಾನ ಮೇ 7ರಂದು, ಎಣಿಕೆ ಜೂನ್ 4ರಂದು. ಘೋಷಣೆಯಿಂದ ಫಲಿತಾಂಶದ ತನಕ 80 ದಿನ. ಬೇಸಿಗೆಯ ಶೇಂಗಾ, ಬಾಳೆ, ತೆಂಗಿನ ಎಳನೀರು, ಅಡಿಕೆಯ ಎಳೆಕಾಯಿ ಎಲ್ಲವೂ ಹಂದಿ, ಮಂಗಗಳ ಬಾಯಿಗೆ ಬೀಳುವ ಕಾಲ. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಸಾಲುಸಾಲು ಚುನಾವಣೆ ಬಂದರೆ ಕೋವಿ ಮನೆಯಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚು ಎಂದು ಜನ ಗೊಣಗುವುದರಲ್ಲಿ ತಪ್ಪಿಲ್ಲ.

ಆದರೆ ಚುನಾವಣಾ ಆಯೋಗದ ಸೂಚನೆ ‘ಎಲ್ಲರ ಕೋವಿ ತೆಗೆದುಕೊಳ್ಳಿ’ ಎಂದಲ್ಲ. ನಮ್ಮ ಪಕ್ಕದ ಗೋವಾದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟ ತೀರ್ಪಿನ ಬಳಿಕ 2009ರಲ್ಲಿ ಆಯೋಗ ಹೇಳಿದ್ದು ಇದು: ಪ್ರತಿ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು, ಅದು ಒಬ್ಬೊಬ್ಬ ಲೈಸೆನ್ಸ್‌ದಾರರ ವಿಷಯವನ್ನೂ ಪ್ರತ್ಯೇಕವಾಗಿ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ, ಅದರಲ್ಲೂ ಚುನಾವಣೆ ಹೊತ್ತಿನಲ್ಲಿ, ಗಲಭೆಯಲ್ಲಿ ಪಾಲ್ಗೊಂಡವರು ಮೊದಲ ಸಾಲಿನಲ್ಲಿ ಬರುತ್ತಾರೆ. ಯಾರು ಇಡಬೇಕೆಂದು ತೀರ್ಮಾನವಾಗುತ್ತದೋ ಅವರಿಗೆ ನೋಟಿಸು ಕೊಡಬೇಕು. ಬ್ಯಾಂಕುಗಳ ಕಾವಲುಗಾರರಿಗೆ, ರಾಷ್ಟ್ರೀಯ ರೈಫಲ್ ಸಂಘದ ಕ್ರೀಡಾಪಟುಗಳಿಗೆ, ಪದ್ಧತಿಯಿಂದ ಶಸ್ತ್ರ ಧರಿಸುವ ಹಕ್ಕಿರುವ ಸಮುದಾಯಗಳಿಗೆ ವಿನಾಯಿತಿ ಇದೆ.

ಅಂದರೆ ಬೆಳೆ ರಕ್ಷಣೆಯ ಕೋವಿ ಎಂಬ ಒಂದೇ ಕಾರಣಕ್ಕೆ ತನ್ನಿಂತಾನೇ ವಿನಾಯಿತಿ ಇಲ್ಲ. ಹಾಗೆಯೇ ಲೈಸೆನ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಇಡಲೇಬೇಕೆಂದೂ ಇಲ್ಲ. ಬೆಳೆಗೆ ಕಾಟವಿದ್ದರೆ ಘೋಷಣೆಯಾದ ಮೊದಲ ವಾರದಲ್ಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಪಹಣಿ, ಲೈಸೆನ್ಸ್ ಪ್ರತಿ, ಬೆಳೆ ಹಾನಿಯ ಫೋಟೋ, ಅರಣ್ಯ ಇಲಾಖೆಗೆ ಹಿಂದೆ ಕೊಟ್ಟ ಪರಿಹಾರದ ಅರ್ಜಿ ಇದ್ದರೆ ಅದರ ಪ್ರತಿ, ಇವನ್ನು ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಆದರೆ ಇಡಬೇಕೆಂದು ಆದೇಶ ಕೈಗೆ ಬಂದ ಮೇಲೆ ‘ವಾಟ್ಸಾಪ್‌ನಲ್ಲಿ ಬೇಡವೆಂದು ಬಂದಿತ್ತು’ ಎಂದು ಕೂರಬೇಡಿ. ಆದೇಶ ಮೀರಿದರೆ ಅದೇ ಬೇರೆ ಕೇಸು. ಮೊದಲು ಕೋವಿ ಇಡಿ, ಆಮೇಲೆ ಅರ್ಜಿಯನ್ನೋ ನ್ಯಾಯಾಲಯದ ದಾರಿಯನ್ನೋ ಹಿಡಿಯಿರಿ.

ಇಡುವಾಗ ರಶೀದಿ ಇಲ್ಲದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ಅದರಲ್ಲಿ ಕೋವಿ ನಂಬರು, ತೋಟೆಗಳ ಸಂಖ್ಯೆ, ಕೋವಿಯ ಸ್ಥಿತಿ, ತಾರೀಖು, ಸಹಿ ಇರಲಿ. ಫಲಿತಾಂಶ ಬಂದು ಒಂದು ವಾರವಾದ ಮೇಲೆ ಅದನ್ನು ತಿರುಗಿ ಕೊಡಬೇಕು. ವಯಸ್ಸಾದ ಅಪ್ಪನ ಬದಲಿಗೆ ಮಗ ಠಾಣೆಗೆ ಕೋವಿ ಒಯ್ಯುವುದು ಎಲ್ಲ ಕಡೆ ನಡೆಯುತ್ತದೆ. ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಹಾಗೆ ಒಯ್ಯಬೇಕಾದರೆ ಲೈಸೆನ್ಸ್‌ದಾರರು ಜೊತೆಗಿರಬೇಕು ಅಥವಾ ಅವರ ಲಿಖಿತ ಅನುಮತಿ ಕೈಯಲ್ಲಿರಬೇಕು ಎಂದು 3ನೇ ಸೆಕ್ಷನ್ ಹೇಳುತ್ತದೆ. ಠಾಣೆಗೆ ಇಡಲು ಹೋಗುವಾಗಲೂ ಅದೇ ಕ್ರಮ ಅನುಸರಿಸಿ, ಮೊದಲೇ ಠಾಣೆಗೆ ಫೋನ್ ಮಾಡಿ ಹೇಳಿ.

ಅಪ್ಪ ತೀರಿಕೊಂಡರೆ ಲೈಸೆನ್ಸ್ ಆಸ್ತಿಯಂತೆ ಮಗನಿಗೆ ಬರುವುದಿಲ್ಲ. ದಿನಕರ್ಮದ ಗಡಿಬಿಡಿಯಲ್ಲಿ ಇದು ಮರೆತುಹೋಗುವುದೇ ಹೆಚ್ಚು, ಆರು ತಿಂಗಳ ಮೇಲೆ ಅಟ್ಟದಲ್ಲಿ ಕೋವಿ ಕಂಡಾಗ ನೆನಪಾಗುತ್ತದೆ. 21ನೇ ಸೆಕ್ಷನ್ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲಿ ಇಡಬೇಕು, ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಅಪ್ಪ ಇರುವಾಗಲೇ ಮಾಡಿಕೊಳ್ಳುವ ದಾರಿಯೂ ಇದೆ: ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, 2016ರ ನಿಯಮಗಳ ಪ್ರಕಾರ ಅವರು ಸೂಚಿಸಿದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಆ ವಾರಸುದಾರರಿಗೆ 21 ವರ್ಷ ತುಂಬಿರಬೇಕು, ಬಂದೂಕು ಬಳಕೆಯ ತರಬೇತಿ ಪ್ರಮಾಣಪತ್ರವೂ ಬೇಕು.